ಸೊನ್ನೆಯ ಉಸಿರು

ದಿನಾ ಬೆಳಿಗ್ಗೆ, ಚಹಾ ಬಾಯಿಗೆ ಮುಟ್ಟಿಸುವ ಮೊದಲು, ಫಕೀರಪ್ಪ ಬಾರಕೇರ ಒಂದು ಉಸಿರು ಬಿಡುತ್ತಿದ್ದ. ರಾಜ್ಯದ ಉಸಿರುಗನ್ನಡಿಗಳೆಲ್ಲ ಆ ಒಂದು ಉಸಿರಿಗಾಗಿ ಕಾದಿರುತ್ತಿದ್ದವು.

ಧಾರವಾಡದ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ ‘ಶ್ವಾಸಬಿಂಬ’ ಕಂಪನಿಯ ಕಟ್ಟಡ. ಅದರ ಎರಡನೆಯ ಮಹಡಿಯಲ್ಲಿ ಗಾಜಿನ ಕೋಣೆ, ಆ ಕೋಣೆಯ ನಡುವೆ ಬಿಳಿಯ ಯಂತ್ರ. ದಾಖಲೆಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಕೆಲಸಗಾರರು ‘ತಾಯಿ’ ಎನ್ನುತ್ತಿದ್ದರು. ಫಕೀರಪ್ಪ ಕಾಲು ತೊಳೆದು, ಬಾಯಿ ಮುಕ್ಕಳಿಸಿ, ತಾಯಿಗೊಂದು ನಮಸ್ಕಾರ ಮಾಡಿ ಕೊಳವೆಗೆ ನಿಧಾನವಾಗಿ ಊದುತ್ತಿದ್ದ. ಪರದೆಯ ಮೇಲೆ ನೀಲಿ ಗೆರೆಯೊಂದು ಏರಿ, ಬಳುಕಿ, ಇಳಿದು ನಿಲ್ಲುತ್ತಿತ್ತು. ಹೋಲಿಕೆ ವಿಭಾಗದ ಮುಖ್ಯಸ್ಥೆ ನೀಲಾಂಬಿಕಾ ಹಂಚಿನಮನಿ ಗುಂಡಿ ಒತ್ತುತ್ತಿದ್ದಳು. ಕಲ್ಲಿನ ಕಾರ್ಖಾನೆ, ಸಿಮೆಂಟಿನ ಗಿರಣಿ, ಹತ್ತಿ ಜಿನ್ನು, ಶಾಲೆ, ಎಲ್ಲೆಲ್ಲಿ ಕನ್ನಡಿಗಳಿದ್ದವೋ ಅಲ್ಲಿಗೆಲ್ಲ ಆ ಗೆರೆ ಹೋಗಿ ತಲುಪುತ್ತಿತ್ತು. ಆರೋಗ್ಯವೆಂದರೆ ಇದು, ಇವತ್ತು ಎಲ್ಲರನ್ನೂ ಇದಕ್ಕೆ ಹೋಲಿಸಿ ನೋಡು ಎಂಬುದು ಅದರ ಅರ್ಥ.

“ಆತೇನ್ರೀ ಬಾಯಾರ? ಊರಿಗೆಲ್ಲಾ ಬೆಳಕು ಹರೀತೇನು?” ಎಂದು ಫಕೀರಪ್ಪ ಕೇಳುವನು.

“ಹರೀತು ಕಾಕಾ. ಇನ್ನ ಚಹಾ ಕುಡೀರಿ,” ಎನ್ನುವಳು ನೀಲಾಂಬಿಕಾ.

ಉಸಿರುಗನ್ನಡಿ ಎಂದರೆ ನಿಜಕ್ಕೂ ಕನ್ನಡಿಯಲ್ಲ. ಅಂಗೈಯಗಲದ ಪೆಟ್ಟಿಗೆ, ಅದರೊಳಗೆ ಉಗುರಿನಷ್ಟು ಅಗಲದ ಜೀವಂತ ಪೊರೆ. ಮನುಷ್ಯನ ಶ್ವಾಸಕೋಶದ ಒಳಗೋಡೆಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮಾಡಿದ್ದು. ದೂಳು ಕುಡಿದ ಎದೆ ಒಳಗೊಳಗೇ ಗಂಟುಕಟ್ಟತೊಡಗಿದರೆ ಉಸಿರಿನಲ್ಲಿ ಕೆಲವು ಅಣುಗಳು ಹೆಚ್ಚಾಗುತ್ತವೆ, ಕೆಲವು ಕಡಿಮೆಯಾಗುತ್ತವೆ. ಮೂಗಿಗೆ ತಿಳಿಯದ ಆ ವ್ಯತ್ಯಾಸ ಪೊರೆಗೆ ತಿಳಿದು ಅದರ ಮಿನುಗು ಬದಲಾಗುತ್ತದೆ. ಎಕ್ಸ್‌ರೇಯಲ್ಲಿ ಕಲೆ ಕಾಣುವ ಎಷ್ಟೋ ವರ್ಷ ಮೊದಲೇ ಕನ್ನಡಿ ಎಚ್ಚರಿಸಬಲ್ಲದು. ಆದರೆ ಜೀವವಿರುವ ವಸ್ತು ನಿನ್ನೆ ಇದ್ದಂತೆ ಇವತ್ತು ಇರುವುದಿಲ್ಲ. ತಾಯಿಯ ಪೊರೆ ದಿನದಿನಕ್ಕೆ ಬದಲಾಗುತ್ತಿತ್ತು. ಅದರಿಂದಲೇ ಕುಡಿಯೊಡೆದ ಮರಿಪೊರೆಗಳು ಎಲ್ಲ ಕನ್ನಡಿಗಳಲ್ಲೂ ಅದೇ ರೀತಿ ಬದಲಾಗುತ್ತಿದ್ದವು. ಆದ್ದರಿಂದ ಆರೋಗ್ಯವಂತನ ಉಸಿರು ಹೇಗಿರುತ್ತದೆಂದು ದಿನಾ ಹೊಸದಾಗಿ ಹೇಳಿಕೊಡಬೇಕಾಗಿತ್ತು. ಹಾಗೆ ಹೇಳಿಕೊಡುವ ಉಸಿರಿಗೆ ‘ಸೊನ್ನೆ’ ಎಂದು ಹೆಸರು. ಸೊನ್ನೆಯಿಂದ ಎಷ್ಟು ದೂರವೋ ಅಷ್ಟು ರೋಗ.

ಕಾನೂನು ಕನ್ನಡಿಯನ್ನು ನಂಬಿತ್ತು. ಹಸಿರು ಬಂದರೆ ಕೆಲಸಕ್ಕೆ ಇಳಿಯಬಹುದು. ಹಳದಿ ಬಂದರೆ ವಾರ ಬಿಟ್ಟು ಮತ್ತೆ ಊದಬೇಕು. ಕೆಂಪು ಬಂದರೆ ಮಾಲೀಕ ಆ ಕೆಲಸಗಾರನನ್ನು ಅಂದೇ ದೂಳಿನಿಂದ ಹೊರಗೆ ತಂದು ಅವನು ಬದುಕಿರುವವರೆಗೆ ಅರ್ಧ ಪಗಾರ ಕೊಡಬೇಕು.

ಮೊದಮೊದಲು ಸೊನ್ನೆಗೆ ಫಕೀರಪ್ಪನೂ ಸೇರಿ ಹನ್ನೆರಡು ಜನರಿದ್ದರು. ಅವರೆಲ್ಲರ ಉಸಿರಿನ ಸರಾಸರಿಯೇ ಸೊನ್ನೆ ಎಂದು ವಿಜ್ಞಾನಿಗಳು ಬರೆದಿಟ್ಟಿದ್ದರು. ಆದರೆ ಒಬ್ಬನಿಗೆ ನೆಗಡಿ, ಒಬ್ಬಳಿಗೆ ಉಪವಾಸ, ಇನ್ನೊಬ್ಬ ಮದುವೆಯೂಟ ಮುಗಿಸಿ ಬೆಳ್ಳುಳ್ಳಿ ತೇಗುತ್ತಾ ಬರುವವನು. ಗೆರೆ ಅಂಕುಡೊಂಕಾಗುತ್ತಿತ್ತು. ಫಕೀರಪ್ಪನದು ಮಾತ್ರ ದಿನವೂ ಒಂದೇ ನಯ. ಮೇಲಾಗಿ, ಉದ್ಘಾಟನೆಯ ದಿನ ಮಂತ್ರಿಗಳ ಎದುರು ಕೈಕೊಟ್ಟ ಯಂತ್ರ, ನೆಲ ಒರೆಸಲು ಬಂದಿದ್ದ ಫಕೀರಪ್ಪ ಊದಿದೊಡನೆ ಮಿನುಗಿತ್ತು. ಕೆಲವರ ಕೈಗುಣ ಒಳ್ಳೆಯದು ಎನ್ನುವುದಿಲ್ಲವೇ, ಹಾಗೆ ಅವನ ಉಸಿರಿನ ಗುಣ ಒಳ್ಳೆಯದು ಎಂದಾಯಿತು. ಆಯುಧಪೂಜೆಯ ದಿನ ತಾಯಿಗೆ ಹೂ ಏರಿಸಿದ ಮೇಲೆ ಅವನ ಕೊರಳಿಗೂ ಒಂದು ಮಾಲೆ ಬೀಳತೊಡಗಿತು. ಉಳಿದ ಹನ್ನೊಂದು ಜನ ಒಬ್ಬೊಬ್ಬರಾಗಿ ಬಿಟ್ಟುಹೋದರು. ಯಾರೂ ಹೊಸಬರನ್ನು ಹುಡುಕಲಿಲ್ಲ. ಫಕೀರಪ್ಪ ಈರುಳ್ಳಿ ಬಿಟ್ಟ, ಎಲೆ-ಅಡಿಕೆ ಬಿಟ್ಟ, ಅಳಿಯನ ಊರಿಗೆ ಹೋದರೆ ಒಂದು ರಾತ್ರಿಯೂ ನಿಲ್ಲದೆ ಮರಳುತ್ತಿದ್ದ. ವ್ರತ ಹಿಡಿದವನ ಹಾಗೆ ಬದುಕಿದ.

ಇದು ತಪ್ಪು ಎಂದು ನೀಲಾಂಬಿಕಾಗೆ ಗೊತ್ತಿರಲಿಲ್ಲವೆಂದಲ್ಲ. ಒಬ್ಬನೇ ಮನುಷ್ಯನ ಮೇಲೆ ಅಳತೆಯನ್ನು ನಿಲ್ಲಿಸಬಾರದೆಂದು ಎಂ.ಎಸ್ಸಿ.ಯ ಮೊದಲ ವರ್ಷದಲ್ಲೇ ಓದಿದ್ದಳು. ಆದರೆ ಅವಳೂ ಆ ಮಾಲೆ ಹಾಕುವಾಗ ಚಪ್ಪಾಳೆ ತಟ್ಟಿದವಳೇ.

*

ಸಪ್ತಾಪುರದ ಬಾಡಿಗೆ ಮನೆಯಲ್ಲಿ ಅವಳ ಜೊತೆಗಿದ್ದದ್ದು ತಮ್ಮನ ಮಗಳು ತುಂಗಾ. ಶಾಲೆಯಲ್ಲಿ ಎರಡನೆಯ ಇಯತ್ತೆ. ತಮ್ಮ ಗುರುಶಾಂತ ಗದಗಿನ ರಸ್ತೆಯ ಬಿಳಿಗಲ್ಲು ಕಾಲೋನಿಯಲ್ಲಿ ಕಲ್ಲಿನ ಕಾರ್ಖಾನೆಯಲ್ಲಿದ್ದ. ಅಡಿಗೆಮನೆಯ ಕಟ್ಟೆಗೆ ಹಾಕುವ ಹೊಳೆಯುವ ಕೃತಕ ಕಲ್ಲನ್ನು ಕೊಯ್ದು ನುಣುಪು ಮಾಡುವುದು ಅವನ ಕೆಲಸ. ಆ ಕಲ್ಲಿನಲ್ಲಿ ಗಾಜಿನಂಥ ಮರಳೇ ಹೆಚ್ಚು. ಕೊಯ್ದಾಗ ಏಳುವ ದೂಳು ಹಿಟ್ಟಿಗಿಂತ ಸಣ್ಣದು. ಕಾಲೋನಿಯ ಮನೆಗಳ ಮೇಲೆ, ಒಣಗಿಸಿದ ಬಟ್ಟೆಗಳ ಮೇಲೆ, ಮಕ್ಕಳ ರೆಪ್ಪೆಗಳ ಮೇಲೆ ಅದು ಕೂತಿರುತ್ತಿತ್ತು. “ಕೂಸನ್ನರೆ ನನ್ನ ಕಡೆ ಬಿಡೋ,” ಎಂದು ನೀಲಾಂಬಿಕಾ ಜಗಳವಾಡಿ ತುಂಗಾಳನ್ನು ಕರೆತಂದಿದ್ದಳು.

ಗುರುಶಾಂತ ರವಿವಾರ ಬರುತ್ತಿದ್ದ. ಬಂದವನು ಮೊದಲು ಪಾವಟಿಗೆಯ ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುತ್ತಿದ್ದ.

“ಏನೋ ಇದು, ನಾಕು ಪಾವಟಿಗಿ ಏರೂದರಾಗ ಮುದುಕ ಆದಿ?” ಎಂದಳು ನೀಲಾಂಬಿಕಾ ಒಂದು ರವಿವಾರ.

“ನಿನ್ನ ಮನಿ ಪಾವಟಿಗೀನ ಎತ್ತರ ಅದಾವ ಬಿಡಕ್ಕಾ. ಮಾಲಕಗ ಹೇಳಿ ಕೊಯಿಸಿ ಕೊಡ್ಲೇನು?” ಎಂದು ನಕ್ಕ. ನಗು ಕೆಮ್ಮಾಯಿತು; ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅಂಗಿಯ ಮೇಲೆ ಆ ವಾರದ ಹಸಿರು ಬಿಲ್ಲೆ ಇತ್ತು. ಅವನು ಅದನ್ನು ಬೆರಳಿನಿಂದ ತಟ್ಟಿ ತೋರಿಸಿದ. “ನಿಮ್ಮ ಕನ್ನಡೀನ ಹೇಳಾಕತ್ತೈತಿ, ಗುರುಶಾಂತ ಕಲ್ಲಿನಂಗ ಅದಾನ ಅಂತ. ಇದು ಧಾರವಾಡದ ಥಂಡಿಗೆ ಬಂದ ಕೆಮ್ಮು.”

ತುಂಗಾ ಓಡಿಬಂದು ಅವನ ಬೆನ್ನೇರಿದಳು. “ಅಪ್ಪಾ, ನಿನ್ನ ಎದ್ಯಾಗ ಪೀಪಿ ಊದಾಕತ್ತಾರ!”

ಅವರಿಬ್ಬರೂ ನಕ್ಕರು. ನೀಲಾಂಬಿಕಾ ನಗಲಿಲ್ಲ.

ಅದೇ ತಿಂಗಳು ಒಂದು ದೂರು ಬಂದಿತ್ತು. ಓಟಗಾರ ಹುಡುಗರ ವಸತಿನಿಲಯವೊಂದರಲ್ಲಿ ಎಲ್ಲರಿಗೂ ಹಳದಿ. ಇಂಥ ದೂರುಗಳು ಕಾರ್ಖಾನೆಗಳಿಂದಲೂ ಬರುತ್ತಿದ್ದವು: ಹೊಲದ ಕೆಲಸ ಬಿಟ್ಟು ಹೊಸದಾಗಿ ಸೇರುವ ಗಟ್ಟಿಮುಟ್ಟಾದ ಹುಡುಗರಿಗೆ ಹಳದಿ ಬರುತ್ತದೆ, ವರ್ಷ ಕಳೆದ ಮೇಲೆ ತಾನಾಗಿಯೇ ಹಸಿರಾಗುತ್ತದೆ. ಹೊಸಬರಿಗೆ ಊದಲು ಬರುವುದಿಲ್ಲ, ಕಲಿಯುತ್ತಾರೆ ಬಿಡಿ ಎಂದು ವಿಭಾಗದಲ್ಲಿ ಹಾಸ್ಯ ಮಾಡಿ ಮುಗಿಸುತ್ತಿದ್ದರು. ತುಂಗಾ ಪೀಪಿಯ ಮಾತಾಡಿದ ಮೇಲೆ ನೀಲಾಂಬಿಕಾಗೆ ಆ ಹಾಸ್ಯ ತಮಾಷೆಯಾಗಿ ಕಾಣಲಿಲ್ಲ. ಕನ್ನಡಿ ಅಳೆಯುವುದು ಸೊನ್ನೆಯಿಂದ ಇರುವ ದೂರವನ್ನು. ಆ ದೂರ ಯಾವ ದಿಕ್ಕಿನದೆಂದು ಅದು ಕೇಳುವುದಿಲ್ಲ. ಹುಡುಗರು ಸೊನ್ನೆಯಿಂದ ದೂರವಾಗಿದ್ದರೋ, ಸೊನ್ನೆಯೇ ಹುಡುಗರಿಂದ ದೂರ ಸರಿದಿತ್ತೋ?

ಹನ್ನೆರಡು ಜನರ ಕಾಲದಲ್ಲಿ ಹೆಪ್ಪುಗಟ್ಟಿಸಿಟ್ಟ ಐದು ಪೊರೆಗಳು ದ್ರವ ಸಾರಜನಕದ ಪೆಟ್ಟಿಗೆಯಲ್ಲಿ ಉಳಿದಿದ್ದವು. ಹೆಪ್ಪಿನಲ್ಲಿರುವ ಪೊರೆಗೆ ವಯಸ್ಸಾಗುವುದಿಲ್ಲ. ಅವುಗಳಿಗೆ ಗೊತ್ತಿದ್ದ ಆರೋಗ್ಯ ಅಂದಿನದು. ಅವಳು ಒಂದನ್ನು ಕರಗಿಸಿ ಬೆಚ್ಚಗೆ ಮಾಡಿ ತಾನೇ ಊದಿದಳು. ಹಸಿರು. ಮರುದಿನ ಬೆಳಿಗ್ಗೆ ಫಕೀರಪ್ಪ ಊದಿ ಚಹಾಕ್ಕೆ ಹೋದ ಮೇಲೆ, ತಾಯಿ ಹೊರಗೆ ಬಿಟ್ಟ ಅವನ ಉಸಿರು ತುಂಬಿದ್ದ ಚೀಲವನ್ನು ಎಸೆಯದೆ ಬಿಗಿದು ಕಟ್ಟಿ, ಎರಡನೆಯ ಪೊರೆಯ ಮೇಲೆ ನಿಧಾನವಾಗಿ ಹಾಯಿಸಿದಳು.

ಪೊರೆ ಕೆಂಪಾಯಿತು. ಅದಕ್ಕೂ ಆಚೆ ಬಣ್ಣವಿದ್ದಿದ್ದರೆ ಆ ಬಣ್ಣಕ್ಕೂ ತಿರುಗುತ್ತಿತ್ತೇನೋ.

ಮೂರನೆಯದನ್ನು ಏತಕ್ಕೆ ಬಳಸಬೇಕೆಂದು ಅವಳು ಬಹಳ ಯೋಚಿಸಬೇಕಾಗಲಿಲ್ಲ. ಮುಂದಿನ ರವಿವಾರ ತಮ್ಮನಿಗೆ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟು ಊದಿಸಿದಳು. “ಮಗಳ ಹುಟ್ಟುಹಬ್ಬದ ಬುಗ್ಗಿ ಏನ ಇದು?” ಎಂದು ಅವನು ಚೇಷ್ಟೆ ಮಾಡಿದ. ಸೋಮವಾರ ಆ ಪೊರೆಯೂ ಕೆಂಪಾಯಿತು.

“ಕೆಲಸಾ ಬಿಡೋ ಗುರ್ಯಾ,” ಎಂದು ಫೋನಿನಲ್ಲಿ ಬೇಡಿಕೊಂಡಳು. “ಇವತ್ತ ಬಿಡು.”

“ಬಿಟ್ಟು? ಹಸಿರು ಇದ್ದಾಗ ಬಿಟ್ರ ಅರ್ಧ ಪಗಾರಿಲ್ಲ, ಏನಿಲ್ಲ. ಹಸಿರು ಇದ್ದಾವ ಕೆಲಸಾ ಬಿಟ್ಟಾ ಅಂದ್ರ ಮೈಗಳ್ಳ ಅಂತಾರಕ್ಕಾ. ಕೆಂಪು ಬರ್ಲಿ, ನಾಳೇನ ಬಂದು ನಿನ್ನ ಮನ್ಯಾಗ ಕೂಡ್ತೀನಿ. ಕನ್ನಡಿ ನಿಮ್ಮದ ಐತಲ್ಲ, ಬರೂಹಂಗ ಮಾಡು.”

ಅವಳು ಮಾಡಬೇಕಾದದ್ದು ಅದೊಂದೇ. ಸೊನ್ನೆಯನ್ನು ಅದರ ಜಾಗಕ್ಕೆ ತಂದರೆ ಗುರುಶಾಂತನಿಗೆ ಕೆಂಪು ಬರುತ್ತದೆ. ಕೆಂಪು ಬಂದರೆ ಅವನು ದೂಳಿನಿಂದ ಹೊರಗೆ ಬರುತ್ತಾನೆ.

*

ನಿರ್ದೇಶಕ ಜಯತೀರ್ಥ ಕಟ್ಟಿಯವರು ಅವಳ ಮಾತನ್ನು ನಡುವೆ ತಡೆಯದೆ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಕೆಲಸಗಾರರ ಮಕ್ಕಳ ಫೀ ಕಟ್ಟಿದ್ದುಂಟು, ನೀಲಾಂಬಿಕಾಳನ್ನು ಸಂದರ್ಶನದಲ್ಲಿ ಆರಿಸಿದವರೂ ಅವರೇ.

“ಯಾರಿಗರೆ ಹೇಳೀರೇನು?”

“ಇಲ್ರೀ ಸರ್.”

“ಚಲೋ ಆತು. ಈಗ ನಾ ಹೇಳೂದು ಕೇಳ್ರಿ. ನಾಳೆ ಮುಂಜಾನೆ ಸೊನ್ನಿ ಸರಿ ಮಾಡಿದ್ವಿ ಅಂತ ಇಟ್ಕೋರಿ. ಒಂದ ಮುಂಜಾನಿಗೆ ಅರ್ಧಕ್ಕರ್ಧ ಮಂದಿ ಕೆಂಪು. ಅಷ್ಟೂ ಜನಕ್ಕ ಕೂತಲ್ಲೆ ಪಗಾರ ಕೊಡ್ಲಿಕ್ಕೆ ಯಾವ ಮಾಲಕನ ಕಡೆ ಅದ? ಕಾರ್ಖಾನಿ ಬಾಗಲಾ ಹಾಕ್ಕೊಂಡು ಹೋಗ್ತಾರ. ಇವತ್ತ ಅವರು ದಮ್ಮು ಹತ್ತಿ ಸಾಯ್ತಾರ, ನಾಳೆ ಹಸದು ಸಾಯ್ತಾರ. ಯಾವುದು ಚಲೋ, ನೀವ ಹೇಳ್ರಿ.”

“ಅದನ್ನ ಅವರನ್ನ ಕೇಳಬೇಕಲ್ರೀ ಸರ್.”

“ಎಲ್ಲಾರ್ನೂ ಕೇಳಿ ಯಾವ ಕೆಲಸ ಆಗ್ಯದ?” ಕಟ್ಟಿಯವರು ಕನ್ನಡಕ ತೆಗೆದು ಒರೆಸಿದರು. “ಸರಿ ಮಾಡೋದೇ ಬ್ಯಾಡ ಅಂತ ನಾ ಅನ್ನೂದಿಲ್ಲ. ಒಮ್ಮೆಲೇ ಬ್ಯಾಡ. ಕೂದಲೆಳಿಯಷ್ಟು, ಕೂದಲೆಳಿಯಷ್ಟು ಸರಿಸೋಣು. ಯಾರಿಗೂ ಪೆಟ್ಟಾಗಬಾರದು. ನೀವ ನಿಂತು ಮಾಡ್ರಿ.”

ಆ ಮಾತಿಗೆ ಅವಳು ಸೋತಳು. ಸೋಲಲು ಕಾರಣ ಹೆದರಿಕೆಯಲ್ಲ, ಅವಳ ವೃತ್ತಿಯೇ. ತಪ್ಪಿದ ಉಪಕರಣವನ್ನು ಒಮ್ಮೆಲೇ ತಿರುಗಿಸಬಾರದು, ಹಂತಹಂತವಾಗಿ ತಿದ್ದಬೇಕು ಎಂದು ಅವಳು ಜೀವನವಿಡೀ ಕಿರಿಯರಿಗೆ ಹೇಳಿಕೊಟ್ಟಿದ್ದಳು. ತಿದ್ದುವ ಕ್ರಮವನ್ನು ಲೆಕ್ಕ ಹಾಕಿ ಒಪ್ಪಿಸಿದಳು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಮಳೆಗಾಲ ಹೋಯಿತು, ಚಳಿಗಾಲವೂ ಬಂತು. ಪರದೆಯ ನೀಲಿ ಗೆರೆ ಮಾತ್ರ ಕೂದಲೆಳೆಯಷ್ಟು, ಕೂದಲೆಳೆಯಷ್ಟು ತನ್ನ ಹಳೆಯ ದಿಕ್ಕಿಗೇ ಸರಿಯುತ್ತಾ ಹೋಯಿತು. ಯಾಕೆಂದರೆ ಫಕೀರಪ್ಪ ದಿನಾ ಊದುತ್ತಿದ್ದ. ಇತ್ತೀಚೆಗೆ ಊದಿದ ಮೇಲೆ ಯಂತ್ರದ ಅಂಚನ್ನು ಹಿಡಿದು ತುಸು ನಿಲ್ಲುತ್ತಿದ್ದ.

ಆ ವರ್ಷ ಕಂಪನಿ ಪಕ್ಕದ ಎರಡು ರಾಜ್ಯಗಳಿಗೂ ಕನ್ನಡಿ ಮಾರಿತು. ಶ್ವಾಸಬಿಂಬದ ಕನ್ನಡಿ ಬಂದಲ್ಲಿ ರೋಗ ಕಡಿಮೆಯಾಗುತ್ತದೆ ಎಂದು ಮಾಲೀಕರು ಹೊಗಳುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಕೆಂಪಿನ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿತ್ತು.

ನೀಲಾಂಬಿಕಾ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ಇಲಾಖೆ ಸುಮ್ಮನೆ ಕೂತಾಗ ಒಂದು ಪತ್ರಿಕೆಗೂ ಹೇಳಿದಳು. ‘ಸೊನ್ನೆಯೇ ರೋಗಿ’ ಎಂಬ ತಲೆಬರಹದಲ್ಲಿ ಅದು ಅಚ್ಚಾಯಿತು. ಅದೇ ದಿನ ಅವಳ ಗುರುತಿನ ಚೀಟಿ ಗೇಟಿನಲ್ಲಿ ಕೆಲಸ ಮಾಡಲಿಲ್ಲ. ವರ್ಷಗಟ್ಟಲೆ ಅವಳ ಡಬ್ಬಿಯ ಉಪ್ಪಿನಕಾಯಿ ತಿಂದ ಕಾವಲುಗಾರ ಮೋರೆ ತಿರುಗಿಸಿಕೊಂಡು, “ಹೋಗ್ರೀ ಬಾಯಾರ, ನನ್ನ ಪಗಾರಕ್ಕೂ ಕಲ್ಲ ಹಾಕಬ್ಯಾಡ್ರಿ,” ಎಂದ.

*

ಫಕೀರಪ್ಪನ ಮನೆ ವಸಾಹತಿನ ಹಿಂದೆಯೇ ಇತ್ತು. ಅವನು ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಅವಳು ಕಟ್ಟೆಯ ಮೇಲೆ ಕೂತಳು.

“ಚಾದಂಗಡ್ಯಾಗ ಒಬ್ಬಾವ ಪೇಪರ್ ಓದಿ ಹೇಳಿದಾ, ತಂಗಿ,” ಎಂದ ಅವನು. ಎಲ್ಲರೆದುರು ಬಾಯಾರ ಎನ್ನುವವನು ಇಬ್ಬರೇ ಇದ್ದಾಗ ತಂಗಿ ಎನ್ನುತ್ತಿದ್ದ. “ನನ್ನ ಎದಿ ಕೆಟ್ಟೈತಿ ಅನ್ನೂದು ನನಗ ಚಾದಂಗಡ್ಯಾಗ ಗೊತ್ತಾತು.”

“ಕಾಕಾ, ನಾ ಮೊದಲು ನಿಮಗ ಹೇಳಬೇಕಿತ್ತು.”

“ನನ್ನ ಉಸುರು ಚೀಲದಾಗ ಹಿಡದ ಇಟ್ಟಿ. ಒಂದು ಮಾತು ಕೇಳಲಿಲ್ಲ. ಕೇಳಿದ್ರ ನಾ ಬ್ಯಾಡ ಅಂತಿದ್ನೇನು?”

ಕಂಪನಿ ಅವನನ್ನು ಅಳತೆಗೋಲು ಮಾಡಿಕೊಂಡಿತ್ತು. ಅವಳು ಅವನನ್ನು ಸಾಕ್ಷಿ ಮಾಡಿಕೊಂಡಿದ್ದಳು. ನಿನಗೆ ಹೇಗಿದೆಯಪ್ಪಾ ಎಂದು ಇಬ್ಬರೂ ಕೇಳಿರಲಿಲ್ಲ.

“ಮೊದಲ ಎಲ್ಲಿದ್ರಿ ಕಾಕಾ ನೀವು? ಇಲ್ಲಿಗೆ ಬರೂಕಿಂತ ಮೊದಲು?”

“ಹುಡುಗ ಇದ್ದಾಗ ಕಲ್ಲು ಪುಡಿ ಮಾಡೂ ಮಶೀನಿನ ಮ್ಯಾಲ ದುಡದೇನಿ. ಬಾಳ ವರ್ಷ ಅಲ್ಲ. ಇಲ್ಲಿ ಸೇರೂ ಮುಂದ ಬೀಡಿ ಸೇದ್ತಿಯೇನು ಅಂದ್ರು, ಸೆರಿ ಕುಡೀತಿಯೇನು ಅಂದ್ರು, ಟೀಬಿ ಆಗಿತ್ತೇನು ಅಂದ್ರು. ಕಲ್ಲಿನ ಸುದ್ದಿ ಯಾರೂ ಕೇಳಲಿಲ್ಲ.”

ಕಲ್ಲಿನ ದೂಳು ಎದೆಯೊಳಗೆ ಎಷ್ಟೋ ವರ್ಷ ಸುಮ್ಮನೆ ಕೂತಿದ್ದು, ಕಲ್ಲನ್ನು ಬಿಟ್ಟು ಬಂದ ಮೇಲೂ ತನ್ನ ಕೆಲಸ ಮುಂದುವರಿಸುತ್ತದೆ ಎಂದು ಅವಳು ವಿವರಿಸಲು ಹೊರಟಳು. ಅವನು ಕೈಯೆತ್ತಿ ತಡೆದ.

“ಅದೆಲ್ಲಾ ನನಗ ತಿಳಿಯೂದಿಲ್ಲ. ಒಂದ ಹೇಳು. ಹಂಗಾದ್ರ ಇಷ್ಟು ದಿನ ನಾ ಊದಿದ್ದೆಲ್ಲಾ ಆ ಹುಡುಗರ ಎದೀಗೆ ಊದಿದಂಗ ಆತಲ್ಲ?”

“ನಿಮ್ಮ ತಪ್ಪಲ್ಲ ಕಾಕಾ. ಆದ್ರ ನಾಳಿಂದ ಊದಬ್ಯಾಡ್ರಿ. ನೀವು ನಿಂತ್ರ ಅವರು ಬ್ಯಾರೆ ಸೊನ್ನಿ ಹುಡುಕಬೇಕಾಗತೈತಿ.”

ಫಕೀರಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ.

“ನಾ ಊದಲಿಲ್ಲಂದ್ರ ನಾಳಿ ಕನ್ನಡಿ ಏಳೂದಿಲ್ಲ. ಕನ್ನಡಿ ಏಳಲಿಲ್ಲಂದ್ರ ಪಾಳಿ ಇಲ್ಲ. ಲಕ್ಷಾಂತರ ಮಂದಿಗೆ ಅವತ್ತಿನ ಕೂಲಿ ಇಲ್ಲ. ಅವರು ನಿನ್ನ ಹೆಸರು ತಗೊಂಡು ಬೈಯೂದಿಲ್ಲ, ನನ್ನ ಹೆಸರು ತಗೊಂಡು ಬೈತಾರ.” ಅವನು ಎದ್ದ, ಏಳುವಾಗ ಬಾಗಿಲ ಚೌಕಟ್ಟು ಹಿಡಿದ. “ಹೋಗಿ ಬಾ ತಂಗಿ. ಇನ್ನ ಈ ಕಡೆ ಬರಬ್ಯಾಡ.”

*

ಸರ್ಕಾರ ನೇಮಿಸಿದ ಮೂವರು ಸದಸ್ಯರ ತನಿಖಾ ಸಮಿತಿ ಬಂತು. ವಿಚಾರಣೆ ಶ್ವಾಸಬಿಂಬದ ಸಭಾಂಗಣದಲ್ಲೇ ನಡೆಯಿತು. ತಾಯಿಯನ್ನು ಹೊರಗೆ ಒಯ್ಯುವಂತಿರಲಿಲ್ಲ. ನೀಲಾಂಬಿಕಾ ತನ್ನ ಸಾಕ್ಷಿ ಹೇಳಿದಳು. ಹೆಪ್ಪುಗಟ್ಟಿದ ಪೊರೆಗಳು ಇನ್ನೂ ಎರಡಿವೆ, ತರಿಸಿ ನೋಡಿ ಎಂದಳು. ಸಾರಜನಕ ತುಂಬುವುದು ತಪ್ಪಿ ಪೆಟ್ಟಿಗೆ ಬೆಚ್ಚಗಾಗಿ ಅವು ಕೆಟ್ಟುಹೋಗಿವೆ ಎಂದು ಕಂಪನಿ ವಿಷಾದ ವ್ಯಕ್ತಪಡಿಸಿತು. ಫಕೀರಪ್ಪನ ಎಕ್ಸ್‌ರೇ ತೆಗೆಸಿ ಎಂದಳು. ತೆಗೆಸಿದರು, ಮಚ್ಚೆಗಳಿದ್ದವು. ವೈದ್ಯರೊಬ್ಬರು ದೂಳಿನ ರೋಗ ಎಂದರು, ಇನ್ನೊಬ್ಬರು ಹಳೆಯ ಕ್ಷಯದ ಗುರುತು ಎಂದರು. ಎಕ್ಸ್‌ರೇ ಎಂಬುದು ಅಭಿಪ್ರಾಯ, ಕನ್ನಡಿ ಎಂಬುದು ಅಳತೆ ಎಂದು ಅಧ್ಯಕ್ಷರು ಬರೆಸಿದರು.

ಆಮೇಲೆ ಊರೂರುಗಳಿಂದ ತರಿಸಿದ ಕನ್ನಡಿಗಳನ್ನು ಪರೀಕ್ಷಿಸಿದರು. ಪರೀಕ್ಷಿಸಿದ್ದು ತಾಯಿಯೊಂದಿಗೆ ಹೋಲಿಸಿ. ಎಲ್ಲವೂ ತಾಯಿಯ ಜೊತೆ ಚೂರೂ ವ್ಯತ್ಯಾಸವಿಲ್ಲದೆ ಹೊಂದಿದವು.

“ಹೊಂದ್ತಾವ್ರೀ, ಹೊಂದಲೇಬೇಕು!” ನೀಲಾಂಬಿಕಾಳ ದನಿ ಏರಿತು. “ತಪ್ಪಿದ್ದು ತಾಯಿ. ಮಕ್ಕಳನ್ನ ತಾಯಿಗೆ ಹೋಲಿಸಿದ್ರ ತಾಯಿ ತಪ್ಪು ಹೆಂಗ ಕಾಣತೈತಿ?”

ಕಟ್ಟಿಯವರು ಮೆಲ್ಲಗೆ ಕೇಳಿದರು: “ಮೇಡಂ, ನೀವು ಅಳತಿ ಶಾಸ್ತ್ರ ಓದೀರಿ. ಅಳತೆಗೋಲನ್ನ ಯಾವ ಗೋಲು ಹಿಡದು ಅಳೀಬೇಕು?”

“ಸತ್ತವರನ್ನ ಹಿಡದು ಅಳೀರಿ ಸರ್. ಹಸಿರು ಬಿಲ್ಲೆ ಹಚ್ಚಿಕೊಂಡ ಸತ್ತವರು ಎಷ್ಟು ಮಂದಿ ಅದಾರ ನೋಡ್ರಿ.”

“ಸತ್ತವರು ಊದೂದಿಲ್ರೀ,” ಎಂದರು ಕಟ್ಟಿಯವರು. ಅದರಲ್ಲಿ ಕುಹಕವಿರಲಿಲ್ಲ. ಅವರಿಗೂ ಅದು ದುಃಖದ ಸಂಗತಿಯೇ ಆಗಿತ್ತು.

ಕಾನೂನಿನ ಪುಸ್ತಕದಲ್ಲಿ ಸೊನ್ನೆಯ ಅರ್ಥವನ್ನು ಒಂದೇ ಸಾಲಿನಲ್ಲಿ ಕೊಟ್ಟಿದ್ದರು: ತಯಾರಕರು ಕಾಯ್ದುಕೊಂಡು ಬಂದ ಮೂಲ ಉಸಿರು. ಅಂದರೆ ಫಕೀರಪ್ಪನಿಗೆ ರೋಗ ಬರುವುದು ಕಾನೂನಿನ ಪ್ರಕಾರ ಸಾಧ್ಯವೇ ಇರಲಿಲ್ಲ. ಅವನನ್ನು ಕರೆಸಿ ಊದಿಸಿದರು. ಹಸಿರು ಬಂತು. ಅವನನ್ನು ಅವನಿಗೇ ಹೋಲಿಸಿದರೆ ಮತ್ತೇನು ಬರಬೇಕು? ಫಕೀರಪ್ಪ ಆ ಬೆಳಕನ್ನು ನೋಡಿದ, ನೀಲಾಂಬಿಕಾಳನ್ನು ನೋಡಲಿಲ್ಲ.

ಕಂಪನಿಯ ಕೊನೆಯ ಸಾಕ್ಷಿಯನ್ನು ಅವಳು ನಿರೀಕ್ಷಿಸಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಗುರುಶಾಂತ ಒಳಗೆ ಬಂದ. ಅವನ ಮಾಲೀಕ ಹಿಂದಿನ ಸಾಲಿನಲ್ಲಿ ಕೂತಿದ್ದ. ದೂರುದಾರಳ ಸ್ವಂತ ತಮ್ಮ, ಕಲ್ಲಿನ ಕಾರ್ಖಾನೆಯ ಕೆಲಸಗಾರ ಎಂದು ಪರಿಚಯ ಮಾಡಿಸಿದರು. ನಿಮ್ಮ ಆರೋಗ್ಯ ಹೇಗಿದೆ ಎಂದು ಅಧ್ಯಕ್ಷರು ಕೇಳಿದರು.

“ಚಲೋ ಐತ್ರೀ ಸಾಹೇಬ್ರ.”

“ನಿಮ್ಮ ಅಕ್ಕ ಬೇರೆ ಹೇಳುತ್ತಾರಲ್ಲ?”

“ಅಕ್ಕಗ ನನ್ನ ಮ್ಯಾಲ ಜೀವ ಜಾಸ್ತಿ ರೀ,” ಎಂದ ಗುರುಶಾಂತ. ಒಂದಿಬ್ಬರು ನಕ್ಕರು. ಅವನು ಕೆಮ್ಮನ್ನು ತಡೆದು, ಕಣ್ಣಲ್ಲಿ ನೀರು ತುಂಬಿಕೊಂಡು, ಕನ್ನಡಿಗೆ ಊದಿದ. ಹಸಿರು.

ಮೆಟ್ಟಿಲಲ್ಲಿ ಅವಳಿಗೆ ಎದುರಾದಾಗ ಅವನು ಇಷ್ಟೇ ಅಂದ: “ಬರಲಿಲ್ಲಂದ್ರ ಕೆಲಸಾ ಹೋಗ್ತಿತ್ತಕ್ಕಾ. ನೀ ಕೆಂಪು ಬರೂಹಂಗ ಮಾಡಿದ್ರ ನಾ ಯಾಕ ಬರ್ತಿದ್ದೆ?”

*

ದೂರಿಗೆ ಆಧಾರವಿಲ್ಲ ಎಂದು ತೀರ್ಪಾಯಿತು. ಅಳತೆಯ ಕೆಲಸವಿದ್ದ ಯಾವ ಸಂಸ್ಥೆಯೂ ನೀಲಾಂಬಿಕಾಳನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವಳು ಮನೆಯಲ್ಲಿ ಭೌತಶಾಸ್ತ್ರದ ಪಾಠ ಹೇಳತೊಡಗಿದಳು. ಕೈಗಾರಿಕಾ ವಸಾಹತಿನವರ ಮಕ್ಕಳು ಬರಲಿಲ್ಲ, ಉಳಿದವರು ಬಂದರು.

ಮುಂದಿನ ಆಯುಧಪೂಜೆಗೆ ಫಕೀರಪ್ಪ ಇರಲಿಲ್ಲ. ಹೃದಯ ನಿಂತು ಸತ್ತ ಎಂದು ಬರೆದರು. ಅಂತ್ಯಕ್ರಿಯೆಗೆ ಹೋದ ನೀಲಾಂಬಿಕಾಳನ್ನು ಅವನ ಮಗಳು ಓಣಿಯ ತಿರುವಿನಲ್ಲೇ ತಡೆದಳು. “ನಮ್ಮಪ್ಪ ದೇವರಂಗ ಇದ್ದಾ. ಪೇಪರಿನ್ಯಾಗ ರೋಗಿ ಮಾಡಿದ್ರಿ. ಅವತ್ತಿನಿಂದ ಆತ ನೆಟ್ಟಗ ಊಟಾ ಮಾಡಲಿಲ್ಲ. ಹೋಗ್ರಿ ಬಾಯಾರ, ಕೈ ಮುಗೀತೀನಿ.” ನೀಲಾಂಬಿಕಾ ಹೂವನ್ನು ಕೈಯಲ್ಲೇ ಹಿಡಿದುಕೊಂಡು ಮರಳಿದಳು.

ಈಗಲಾದರೂ ಹೊಸ ಸೊನ್ನೆ ಬರಬಹುದೆಂಬ ಆಸೆ ಅವಳಲ್ಲಿ ಉಳಿದಿತ್ತು. ಸತ್ತ ಮನುಷ್ಯ ಊದುವುದಿಲ್ಲ ಎಂದು ಕಟ್ಟಿಯವರೇ ಹೇಳಿದ್ದರಲ್ಲ. ಆದರೆ ಅಷ್ಟರಲ್ಲಿ ಕಂಪನಿ ಬದಲಾಗದ ಪೊರೆಯನ್ನು ಕಂಡುಹಿಡಿದಿತ್ತು. ಆ ಪೊರೆಗೆ ದಿನಾ ಪಾಠ ಹೇಳಬೇಕಾಗಿಲ್ಲ, ಒಮ್ಮೆ ಹೇಳಿದರೆ ಸಾಕು. ಹೇಳಿಕೊಡಲು ಅವರು ಆರಿಸಿಕೊಂಡದ್ದು ಫಕೀರಪ್ಪನ ಕೊನೆಯ ವಾರದ ಗೆರೆಯನ್ನು. ಕೃತಜ್ಞತೆಯಿಂದ. ತಾಯಿಯ ಗಾಜಿನ ಕೋಣೆಯ ಬಾಗಿಲಿಗೆ ಅವನ ದೊಡ್ಡ ಫೋಟೋ ಹಾಕಿ, ಕೆಳಗೆ ‘ಶಾಶ್ವತ ಸೊನ್ನೆ’ ಎಂದು ಬರೆಸಿದರು. ಸಾಯುತ್ತಿದ್ದ ಮನುಷ್ಯನೊಬ್ಬನ ಉಸಿರು ಇನ್ನು ಮುಂದೆ ಯಾವತ್ತೂ ಸರಿಯದ ಹಾಗೆ ನಿಂತಿತು.

*

ಗುರುಶಾಂತ ರವಿವಾರವಲ್ಲದ ದಿನ ಬಂದಾಗ ನೀಲಾಂಬಿಕಾ ಹೆಸರುಕಾಳು ಆರಿಸುತ್ತಾ ಕೂತಿದ್ದಳು. ಬೈಕನ್ನು ಓಣಿಯಲ್ಲೇ ನಿಲ್ಲಿಸಿ ಅವನು ಪಾವಟಿಗೆಗಳನ್ನು ಒಂದೊಂದಾಗಿ, ನಿಂತು ನಿಂತು ಏರಿದ. ಅವನ ಬಿಲ್ಲೆ ಹಸಿರಾಗಿತ್ತು. ಅಂಗಿ ಮೊಳೆಗೆ ತೂಗುಹಾಕಿದ ಹಾಗೆ ಮೈಮೇಲೆ ತೂಗುತ್ತಿತ್ತು.

“ಶಾಲಿಯಿಂದ ಫೋನ್ ಬಂದಿತ್ತು,” ಎಂದ.

ತುಂಗಾ ಮೂಲೆಯಲ್ಲಿ ನಿಂತಿದ್ದಳು. ಅವಳ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಹಿಂದಿನ ದಿನ ಶಾಲೆಯಲ್ಲಿ ಹೊಸ ಕನ್ನಡಿಗಳನ್ನು ತಂದು ಎಲ್ಲ ಮಕ್ಕಳಿಂದ ಊದಿಸಿದ್ದರು. ಆ ಪಟ್ಟಿಯನ್ನು ಕತ್ತರಿಸಿ ಹಾಕುತ್ತೇನೆಂದು ನೀಲಾಂಬಿಕಾ ಎಷ್ಟು ಹೇಳಿದರೂ ಮಗು ಬಿಟ್ಟಿರಲಿಲ್ಲ. ತೆಗೆದರೆ ಟೀಚರು ಶಾಲೆಯೊಳಗೆ ಬಿಡುವುದಿಲ್ಲವಂತೆ.

“ಕೂಸಿಗೆ ರೋಗ ಹತ್ತೈತಂತಲ್ಲಕ್ಕಾ?”

“ಅಕೀಗೆ ಏನೂ ಆಗಿಲ್ಲೋ. ಅಕೀ ಎದಿ ಶುದ್ಧ ಐತಿ, ಅದಕ್ಕ ಕೆಂಪು ಬಂದೈತಿ.”

“ಶುದ್ಧ ಇದ್ರ ಕೆಂಪು ಯಾಕ ಬರತೈತಿ?”

ಅವಳು ಹೇಳಿದಳು. ಸೊನ್ನೆ, ದೂರ, ದಿಕ್ಕು, ಎಲ್ಲವನ್ನೂ, ತನ್ನಿಂದಾದಷ್ಟು ಸರಳವಾಗಿ. ಗುರುಶಾಂತ ಗಮನವಿಟ್ಟು ಕೇಳಿದ. ಸಮಿತಿಯವರೂ ಹೀಗೇ ಕೇಳಿದ್ದರು.

“ಮೂರು ಮಂದಿ ದೊಡ್ಡ ಮನಷ್ಯಾರು ಕೂತು ಅದು ಹಂಗಿಲ್ಲ ಅಂತ ಬರದುಕೊಟ್ಟಾರಲ್ಲಕ್ಕಾ. ನಾ ಅಲ್ಲೇ ಇದ್ದೆ.” ಅವನು ಉಸಿರಿಗಾಗಿ ನಿಂತ. “ಶಾಲಿ ಡಾಕ್ಟ್ರ ಕೂಡ ಮಾತಾಡಿದೆ. ಧಾರವಾಡದಾಗ ಬಾಳ ಹುಡುಗರಿಗೆ ಕೆಂಪು ಬರಾಕತ್ತೈತಂತ. ನಮ್ಮ ಕಾಲೋನಿ ಶಾಲಿಯೊಳಗ ಒಂದರದೂ ಕೆಂಪಿಲ್ಲ. ಅಲ್ಲಿ ಹವಾ ಚಲೋ ಇರಬೇಕು, ಕರಕೊಂಡು ಹೋಗ್ರಿ ಅಂದ್ರು.”

ನೀಲಾಂಬಿಕಾಳ ಕೈಯಿಂದ ಮೊರ ಜಾರಿ ಕಾಳು ನೆಲದ ತುಂಬ ಹರಡಿತು. “ಗುರ್ಯಾ, ಬ್ಯಾಡೋ. ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಮಾತು ಬ್ಯಾಡ, ಕನ್ನಡಿ ಮಾತೂ ಬ್ಯಾಡ. ನೀನ ಕೇಳು. ಅಕೀ ಬೆನ್ನಿಗೆ ಕಿವಿ ಹಚ್ಚಿ ಕೇಳು, ಹೆಂಗೈತಿ ಉಸುರು.”

ಅವನಿಗೂ ಆಸೆಯಿತ್ತು. ಮಗಳನ್ನು ಹತ್ತಿರ ಕರೆದು, ಮೊಣಕಾಲೂರಿ, ಅವಳ ಸಣ್ಣ ಬೆನ್ನಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ ಅವನದೇ ಎದೆ ಸಿಳ್ಳೆ ಹಾಕುತ್ತಿತ್ತು. ಅವನು ಉಸಿರು ಬಿಗಿಹಿಡಿಯಲು ನೋಡಿದ, ಹಿಡಿಯಲಾಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ.

“ಬರೇ ಸೀಟಿ ಹೊಡದಂಗ ಕೇಳತೈತಿ,” ಎಂದ ಕೊನೆಗೆ. ಮುಖ ಬಾಡಿತ್ತು. “ಎದಿ ಕೆಟ್ಟೈತಿ ಕೂಸಿಂದು.”

“ಅದು ನಿಂದೋ! ನಿನ್ನ ಎದೀದು!”

“ನಂದು ಹಸಿರೈತಲ್ಲಕ್ಕಾ,” ಎಂದ ಗುರುಶಾಂತ. ಅಕ್ಕನನ್ನು ಕಂಡರೆ ಅವನಿಗೆ ಪಾಪ ಅನ್ನಿಸಿರಬೇಕು. ಬಗ್ಗಿ ಅವಳ ಜೊತೆಗೇ ಕಾಳು ಆರಿಸಿ ಮೊರಕ್ಕೆ ಹಾಕಿದ. ಆಮೇಲೆ ತುಂಗಾಳ ಎರಡು ಫ್ರಾಕು, ಪಾಟಿಚೀಲ, ಹಲ್ಲುಜ್ಜುವ ಬ್ರಶ್ಶು ಕಟ್ಟಿಕೊಂಡ.

ಓಣಿಯಲ್ಲಿ ಬೈಕಿನ ಮುಂದೆ ಅವಳನ್ನು ಕೂರಿಸಿದಾಗ ತುಂಗಾ ಹಿಂದೆ ತಿರುಗಿದಳು.

“ಅತ್ತೀ, ಅಲ್ಲಿ ಹೋದ್ರ ನನಗೂ ಹಸಿರು ಬರತೈತೇನು?”

ಇದಕ್ಕೆ ನೀಲಾಂಬಿಕಾ ಸುಳ್ಳು ಹೇಳಬೇಕಾಗಿರಲಿಲ್ಲ.

“ಬರತೈತವ್ವಾ,” ಎಂದಳು. “ಖಂಡಿತ ಬರತೈತಿ.”